ಈ ತಿಂಗಳ ವಿಜ್ಞಾನ: ಪಾದರಸವನ್ನು ಮನೆಯಿಂದ ಕಳಿಸಿಕೊಡುವುದು ಹೇಗೆ?

ಶಾಲೆ-ಕಾಲೇಜುಗಳ ಲ್ಯಾಬಿಗೆ ಗಾಜಿನ ಸಾಮಾನು, ತಕ್ಕಡಿ, ಥರ್ಮಾಮೀಟರು, ಮೈಕ್ರೋಸ್ಕೋಪು ಸರಬರಾಜು ಮಾಡೋದು ನನ್ನ ಕಸುಬು ಅಂತ ಈ ಅಂಕಣ ಓದುವವರಿಗೆ ಗೊತ್ತೇ ಇದೆ. ನಮ್ಮ ಕಸುಬಿನವರು ನೆನಪಿಡಬೇಕಾದ ದಿನವೊಂದು ಈ ತಿಂಗಳಲ್ಲಿ ಬರುತ್ತದೆ. 2017ರ ಆಗಸ್ಟ್ 16ರಂದು, ಪಾದರಸದ ಬಳಕೆಗೆ ಕಡಿವಾಣ ಹಾಕುವ ಮಿನಾಮಾಟಾ ಒಪ್ಪಂದ ಜಾರಿಗೆ ಬಂತು. ಮರುವರ್ಷ ಭಾರತವೂ ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿತು. ಪಾದರಸದ ಥರ್ಮಾಮೀಟರು ಮತ್ತು ಬಿಪಿ ಉಪಕರಣಗಳ ತಯಾರಿಕೆ, ಆಮದು, ರಫ್ತು 2020ಕ್ಕೆ ನಿಲ್ಲಬೇಕು ಅನ್ನೋದು ಅದರ ಗಡುವು. ಕೇಳಿಕೊಂಡ ದೇಶಗಳಿಗೆ ಇನ್ನಷ್ಟು ಕಾಲಾವಕಾಶವೂ ಇತ್ತು.

ಮಿನಾಮಾಟಾ ಅನ್ನೋದು ಜಪಾನಿನ ಕಡಲತೀರದ ಒಂದು ಊರು. ಅಲ್ಲಿನ ರಾಸಾಯನಿಕ ಕಾರ್ಖಾನೆಯೊಂದು ಪಾದರಸ ಬೆರೆತ ತ್ಯಾಜ್ಯವನ್ನು ವರ್ಷಗಟ್ಟಲೆ ಸಮುದ್ರಕ್ಕೆ ಬಿಟ್ಟಿತು. ಅದು ಮೀಥೈಲ್ ಪಾದರಸದ ರೂಪದಲ್ಲಿ ಮೀನು, ಚಿಪ್ಪುಜೀವಿಗಳ ಮೈ ಸೇರಿತು. ಆ ಮೀನನ್ನೇ ತಿಂದು ಬದುಕುತ್ತಿದ್ದ ಬಡ ಮೀನುಗಾರರ ಕೈಕಾಲು ನಡುಗತೊಡಗಿದವು, ಮಾತು ತೊದಲಿತು, ದೃಷ್ಟಿ ಹೋಯಿತು. 1956ರಲ್ಲಿ ಇದೊಂದು ಹೊಸ ಕಾಯಿಲೆ ಅಂತ ಅಧಿಕೃತವಾಗಿ ಗುರುತಾಯಿತು. ಗರ್ಭದಲ್ಲಿದ್ದ ಮಕ್ಕಳನ್ನೂ ಅದು ಬಿಡಲಿಲ್ಲ.

ಅಷ್ಟು ದೂರ ಯಾಕೆ, ನಮ್ಮ ಪಕ್ಕದ ಕೊಡೈಕೆನಾಲಿಗೇ ಬನ್ನಿ. 1980ರ ದಶಕದಲ್ಲಿ ಅಮೆರಿಕದಿಂದ ಯಂತ್ರಗಳನ್ನು ತಂದು ಅಲ್ಲಿ ಥರ್ಮಾಮೀಟರ್ ಕಾರ್ಖಾನೆ ಕಟ್ಟಿದ್ದರು. ಪಾದರಸ ಮೆತ್ತಿದ ಗಾಜಿನ ಚೂರುಗಳು ಊರಿನ ಗುಜರಿಯಲ್ಲಿ ಸಿಕ್ಕಿಬಿದ್ದ ಮೇಲೆ, 2001ರಲ್ಲಿ ಅದು ಮುಚ್ಚಿತು. ಅಲ್ಲಿ ದುಡಿದವರ ಹೋರಾಟ ಒಂದು ಒಪ್ಪಂದಕ್ಕೆ ಬರೋದಕ್ಕೆ 2016 ಆಗಬೇಕಾಯಿತು. ಜ್ವರ ನೋಡುವ ಪುಟ್ಟ ಕಡ್ಡಿಯ ಹಿಂದೆ ಇಷ್ಟೆಲ್ಲ ಇದೆ.

ಹಾಗಂತ ಪಾದರಸವನ್ನು ಬರೀ ಬೈದು ಕಳಿಸಿದರೆ ಅನ್ಯಾಯ. 1643ರಲ್ಲಿ ಇಟಲಿಯ ಟೊರಿಚೆಲ್ಲಿ ಗಾಳಿಗೂ ಭಾರ ಇದೆ ಅಂತ ತೋರಿಸಿದ್ದು ಪಾದರಸದ ಕೊಳವೆಯಿಂದ. 1714ರಲ್ಲಿ ಫ್ಯಾರನ್‌ಹೀಟ್ ನಂಬಬಹುದಾದ ಥರ್ಮಾಮೀಟರು ಮಾಡಿದ್ದೂ ಇದರಿಂದಲೇ. ಡಾಕ್ಟರು "ಬಿಪಿ 120, 80" ಅಂದಾಗ ಅವರು ಹೇಳುತ್ತಿರೋದು ಪಾದರಸದ ಕಂಬ ಎಷ್ಟು ಮಿಲಿಮೀಟರ್ ಏರುತ್ತದೆ ಅನ್ನೋದನ್ನು. ಮಷೀನಿನೊಳಗೆ ಪಾದರಸ ಇಲ್ಲದಿದ್ದರೂ ಲೆಕ್ಕ ಇನ್ನೂ ಅದರದ್ದೇ.

ಈಗ ಮನೆಯ ವಿಷಯ. ಹೊಸದು ಬರೋದು ನಿಂತರೂ ಹಳೆಯದು ಎಲ್ಲೂ ಹೋಗಿಲ್ಲ. ದೇವರ ಮನೆಯ ಪಕ್ಕದ ಗೂಡಿನಲ್ಲೋ, ಔಷಧಿ ಡಬ್ಬದಲ್ಲೋ, ಅಜ್ಜಿಯ ಟ್ರಂಕಿನಲ್ಲೋ ಒಂದು ಥರ್ಮಾಮೀಟರು ಇದ್ದೇ ಇರುತ್ತೆ. ಅದು ಒಡೆಯುವವರೆಗೂ ತೊಂದರೆಯಿಲ್ಲ. ಒಡೆದರೆ ಮಕ್ಕಳಿಗೆ ಹಬ್ಬ! ಬೆಳ್ಳಿಗುಂಡಿನ ಹಾಗೆ ಓಡುವ ಹನಿಗಳನ್ನು ಯಾರು ತಾನೇ ಬಿಡುತ್ತಾರೆ? ಅಪಾಯ ಇರೋದು ಅಲ್ಲೇ. ಲೋಹರೂಪದ ಪಾದರಸವನ್ನು ಹೊಟ್ಟೆ ಹೆಚ್ಚು ಹೀರಿಕೊಳ್ಳಲ್ಲ. ಆದರೆ ಅದು ಕೋಣೆಯ ಬಿಸಿಗೇ ನಿಧಾನವಾಗಿ ಆವಿಯಾಗುತ್ತದೆ. ಆವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಉಸಿರಿನ ಜೊತೆ ಒಳಗೆ ಹೋದರೆ ಮಿದುಳು, ಮೂತ್ರಪಿಂಡಗಳಿಗೆ ಕೆಡುಕು.

ಒಡೆದರೆ ಏನು ಮಾಡಬೇಕು? ಮೊದಲು ಮಕ್ಕಳನ್ನೂ ಬೆಕ್ಕು-ನಾಯಿಗಳನ್ನೂ ಕೋಣೆಯಿಂದ ಆಚೆ ಕಳಿಸಿ, ಕಿಟಕಿ ತೆರೆಯಿರಿ. ಪೊರಕೆ ಬೇಡ, ವ್ಯಾಕ್ಯೂಮ್ ಕ್ಲೀನರ್ ಅಂತೂ ಬೇಡವೇ ಬೇಡ. ಪೊರಕೆ ಹನಿಯನ್ನು ಪುಡಿ ಮಾಡುತ್ತೆ, ಮಷೀನು ಆವಿಯನ್ನು ಮನೆ ತುಂಬ ಹರಡುತ್ತೆ. ಕೈಯಲ್ಲಿ ಬಂಗಾರದ ಬಳೆ, ಉಂಗುರ ಇದ್ದರೆ ತೆಗೆದಿಡಿ. ಪಾದರಸ ತಾಗಿದರೆ ಬಂಗಾರ ಬಿಳಿಚಿಕೊಂಡು ಹಾಳಾಗುತ್ತೆ. ಕೈಗವಸು ಹಾಕಿಕೊಂಡು, ಲಗ್ನಪತ್ರಿಕೆಯಂಥ ಎರಡು ದಪ್ಪ ಕಾಗದದಿಂದ ಹನಿಗಳನ್ನು ಒಟ್ಟುಗೂಡಿಸಿ. ಸಣ್ಣ ಹನಿಗಳಿಗೆ ಅಂಟಿನ ಟೇಪು ಒತ್ತಿ ತೆಗೆಯಿರಿ. ಗಾಜು, ಟೇಪು, ಕಾಗದ ಎಲ್ಲವನ್ನೂ ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ಸಿಂಕಿಗೆ, ಬಚ್ಚಲಿಗೆ ಸುರಿಯಬೇಡಿ. ಕಸದ ಜೊತೆ ಸುಡಬೇಡಿ.

ಡಬ್ಬಿಯನ್ನು ಎಲ್ಲಿಗೆ ಕೊಡೋದು? 2016ರ ಘನತ್ಯಾಜ್ಯ ನಿಯಮಗಳು ಒಡೆದ ಪಾದರಸದ ಥರ್ಮಾಮೀಟರನ್ನು, ಹಳೇ ಸಿಎಫ್‌ಎಲ್ ಬಲ್ಬು, ಟ್ಯೂಬ್‌ಲೈಟು, ಅವಧಿ ಮೀರಿದ ಮಾತ್ರೆಗಳ ಜೊತೆಗೆ, ಮನೆಯ ಅಪಾಯಕಾರಿ ಕಸ ಅಂತ ಬೇರೆಯಾಗಿಯೇ ಹೆಸರಿಸಿದ್ದವು. ಡಬ್ಬಿ ಮೇಲೆ "ಪಾದರಸ ಇದೆ" ಅಂತ ಬರೆದು, ನಿಮ್ಮ ಊರಿನ ನಗರಸಭೆ ಅಥವಾ ಪಂಚಾಯಿತಿಯಲ್ಲಿ ಎಲ್ಲಿ ಕೊಡಬೇಕು ಅಂತ ಕೇಳಿ ಕೊಡಿ. ಕಸ ಎತ್ತುವ ಅಕ್ಕನ ಬರಿಗೈಗೆ ಸುಮ್ಮನೆ ಹಾಕಬೇಡಿ. ಆಕೆಗೂ ಮಕ್ಕಳಿದ್ದಾರೆ.

ಬದಲಿಗೆ ಡಿಜಿಟಲ್ ತಗೊಳ್ಳಿ. ಆದರೆ ಅದು ನಂಬರು ತೋರಿಸಿತು ಅಂತ ಕಣ್ಣುಮುಚ್ಚಿ ನಂಬಬೇಡಿ. ಬಿಸಿ ಕಾಫಿ ಕುಡಿದ ತಕ್ಷಣ ಬಾಯಿಗೆ ಇಟ್ಟರೆ ಇಲ್ಲದ ಜ್ವರ ಬರುತ್ತೆ. ಕಂಕುಳಲ್ಲಿ ಇಟ್ಟರೆ ಬಾಯಿಗಿಂತ ತುಸು ಕಡಿಮೆ ತೋರಿಸುತ್ತೆ. ಹಣೆಗೆ ಹಿಡಿಯುವ ಇನ್‌ಫ್ರಾರೆಡ್ ಸಾಧನ ಚರ್ಮದ ಬಿಸಿಯನ್ನಷ್ಟೇ ಅಳೆಯುತ್ತೆ. ಬಿಸಿಲಿಂದ ಬಂದವರಿಗೆ, ಬೆವರಿದವರಿಗೆ ಸ್ವಲ್ಪ ಹೊತ್ತು ಬಿಟ್ಟು ಹಿಡಿಯಿರಿ. ಬಿಪಿ ನೋಡುವ ಮುಂಚೆ ಐದು ನಿಮಿಷ ಬೆನ್ನಿಗೆ ಒರಗಿ ಸುಮ್ಮನೆ ಕೂತು, ತೋಳನ್ನು ಎದೆಯ ಮಟ್ಟದಲ್ಲಿಟ್ಟು, ಅಂಗಿ ಮೇಲಲ್ಲ, ಬರಿ ತೋಳಿಗೆ ಪಟ್ಟಿ ಸುತ್ತಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. ಒಂದೇ ಸಲದ ಅಂಕಿ ನೋಡಿ ಮಾತ್ರೆ ಹೆಚ್ಚು-ಕಡಿಮೆ ಮಾಡಿಕೊಳ್ಳೋದು ಬೇಡ, ಡಾಕ್ಟರನ್ನು ಕೇಳಿ.

ಕೊನೆಗೆ ಶಾಲಾ ಮೇಷ್ಟ್ರುಗಳಿಗೆ ಒಂದು ಮಾತು. ಪಾದರಸದ ಬದಲು ಕೆಂಪು ದ್ರವದ ಥರ್ಮಾಮೀಟರು ಕಳಿಸಿದಾಗ, "ಕುದಿಯೋ ನೀರಲ್ಲಿ ನೂರು ತೋರಿಸ್ತಿಲ್ಲ, ವಾಪಸ್ ತಗೊಳ್ಳಿ" ಅಂತ ಬೆಂಗಳೂರಿನ ಕಡೆಯಿಂದ ಫೋನು ಬರುತ್ತೆ. ಆದರೆ ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಅದೇ ಕಡ್ಡಿ ಮಂಗಳೂರಿನಲ್ಲಿ ನೂರರ ಹತ್ತಿರ ಬರುತ್ತೆ. ಕಡ್ಡಿ ವಾಪಸ್ ಕಳಿಸೋ ಮುಂಚೆ ಆ ಮೂರು ಡಿಗ್ರಿ ಎಲ್ಲಿಗೆ ಹೋಯ್ತು ಅಂತ ಮಕ್ಕಳನ್ನೇ ಕೇಳಿ ನೋಡಿ. ಅದಕ್ಕಿಂತ ಒಳ್ಳೇ ಪಾಠ ಇನ್ನೊಂದಿಲ್ಲ.

ಈ ತಿಂಗಳ ಮನೆಗೆಲಸ ಇಷ್ಟೇ: ಔಷಧಿ ಡಬ್ಬ, ಕಪಾಟು, ಟ್ರಂಕು ಒಮ್ಮೆ ತಡಕಾಡಿ. ಬೆಳ್ಳಿಗೆರೆಯ ಹಳೇ ಕಡ್ಡಿ ಸಿಕ್ಕರೆ, ಒಡೆಯುವ ಮೊದಲೇ ಅದಕ್ಕೊಂದು ದಾರಿ ಮಾಡಿ. ಮುಂದಿನ ತಿಂಗಳು ಸಿಗೋಣ.