ಯಂತ್ರ ವಿಚಾರ: ಬಾಗಿಲ ಕಾವಲುಗಾರನ ಬದಲಾವಣೆ

ನಮ್ಮ ಸಂಘದ ವಾಚನಾಲಯದಲ್ಲಿ ಎಂಟು ಹಳೆಯ ಕಂಪ್ಯೂಟರುಗಳಿರುವುದು ವಾಚಕರಿಗೆ ತಿಳಿದೇ ಇದೆ. ಶನಿವಾರ ಸಂಜೆ ಮಕ್ಕಳು ಅವುಗಳಲ್ಲಿ ಕನ್ನಡ ಟೈಪು ಕಲಿಯುತ್ತಾರೆ. ಉಳಿದ ದಿನಗಳಲ್ಲಿ ಹಿರಿಯರು ಊರಿನ ಪತ್ರಿಕೆ ಓದುತ್ತಾರೆ. ಎಲ್ಲವೂ ಡೆಬಿಯನ್ ಲಿನಕ್ಸಿನಿಂದ ನಡೆಯುವಂಥವು. ಅವುಗಳ ಉಸ್ತುವಾರಿ ನಮ್ಮ ಪಾಲಿಗೆ ಬಂದಿದೆ.

ಯಂತ್ರ ಚಾಲೂ ಆದೊಡನೆ ಹೆಸರನ್ನೂ ಗುಪ್ತಪದವನ್ನೂ ಕೇಳುವ ಪರದೆ ಬರುವುದಷ್ಟೆ. ಅದನ್ನು ತೋರಿಸುವ ತಂತ್ರಾಂಶವೇ ಡಿಸ್‌ಪ್ಲೇ ಮ್ಯಾನೇಜರ್. ಮನೆಯ ಬಾಗಿಲ ಕಾವಲುಗಾರನಿದ್ದಂತೆ. ಈ ಕುಲದ ಹಿರಿಯನಾದ ಎಕ್ಸ್‌ಡಿಎಂ 1988ರಲ್ಲಿ ಬಂದಿತು. ಈಗ ಜಿಡಿಎಂ, ಲೈಟ್‌ಡಿಎಂ, ಎಸ್‌ಡಿಡಿಎಂ ಮೊದಲಾದವರಿದ್ದಾರೆ. ಉಬುಂಟು ಕೂಡ 2011ರಲ್ಲಿ ಲೈಟ್‌ಡಿಎಂಗೆ ಹೋಗಿ, 2017ರಲ್ಲಿ ಜಿಡಿಎಂಗೆ ಮರಳಿತು.

ನಮ್ಮ ಮುದಿ ಯಂತ್ರಗಳಿಗೆ ಜಿಡಿಎಂ ಭಾರವಾಗಿತ್ತು. ಹಗುರಾದ ಲೈಟ್‌ಡಿಎಂ ಹಾಕೋಣವೆಂದುಕೊಂಡೆವು. ಕೈಯಿಂದ ಮಾಡಿದರೆ ಪ್ರತಿ ಯಂತ್ರವೂ ನೀಲಿ ಪರದೆಯಲ್ಲಿ 'ಯಾರು ಬೇಕು?' ಎಂದು ಕೇಳಿ, ಉತ್ತರಕ್ಕಾಗಿ ಕಾದು ಕೂರುತ್ತದೆ. ಎಂಟು ಕಡೆ ಕೂತು ಉತ್ತರಿಸುವ ಬದಲು ಒಂದೇ ಆಜ್ಞಾಪಟ್ಟಿ ಬರೆದು ಎಲ್ಲಕ್ಕೂ ಕಳುಹಿಸಿದೆವು. ಆತುರಗಾರನಿಗೆ ಬುದ್ಧಿ ಮಟ್ಟ. ಸಿಸ್ಟಂಡಿಯ ಕೊಂಡಿಯೊಂದನ್ನು ಮಾತ್ರ ಬದಲಿಸಿ ಸುಮ್ಮನಾದೆವು. ಒಂದು ಯಂತ್ರದಲ್ಲಾದರೂ ಪರೀಕ್ಷಿಸಲಿಲ್ಲ.

ಶನಿವಾರ ಮಕ್ಕಳು ಬಂದರು. ಎಂಟೂ ಪರದೆಗಳ ಮೇಲೆ ಕರಿಯ ಹಿನ್ನೆಲೆ, ಬಿಳಿಯ ಅಕ್ಷರ! ಒಬ್ಬ ಪುಟ್ಟ ಹುಡುಗಿ, 'ಇವತ್ತು ಕನ್ನಡ ಇಲ್ಲವೇ?' ಎಂದು ಕೇಳಿದಾಗ ನಮಗೆ ತಲೆಯೆತ್ತಲಾಗಲಿಲ್ಲ. ಆ ದಿನದ ಪಾಠ ಹಲಗೆಯ ಮೇಲೆಯೇ ನಡೆಯಿತು.

ಆದುದೇನೆಂದರೆ, ಕಾವಲುಗಾರನ ನೇಮಕ ಮೂರು ಕಡೆ ದಾಖಲಾಗಿರುತ್ತದೆ. ಇಟಿಸಿ ಕೋಶದ ಎಕ್ಸ್11 ಉಪಕೋಶದಲ್ಲಿರುವ ಡೀಫಾಲ್ಟ್-ಡಿಸ್‌ಪ್ಲೇ-ಮ್ಯಾನೇಜರ್ ಎಂಬ ಕಡತ ಒಂದು; ಸಿಸ್ಟಂಡಿಯ ಕೊಂಡಿ ಇನ್ನೊಂದು; ಹಿಂದಿನ ಉತ್ತರಗಳನ್ನು ನೆನಪಿಡುವ ಡೆಬ್‌ಕಾನ್ಫ್ ಮೂರನೆಯದು. ಲೈಟ್‌ಡಿಎಂ ಏಳುವ ಮುನ್ನ ಆ ಕಡತವನ್ನು ಓದುತ್ತದೆ. ತನ್ನ ಹೆಸರಿಲ್ಲದಿದ್ದರೆ ಕೆಲಸಕ್ಕೆ ಬರುವುದಿಲ್ಲ. ಕೊಂಡಿ ಅದನ್ನು ಕರೆಯಿತು, ಕಡತ ಬೇಡವೆಂದಿತು. ಎತ್ತು ಏರಿಗೆ, ಕೋಣ ನೀರಿಗೆ! ಆವಕ ಪುಸ್ತಕಕ್ಕೂ ಫೈಲಿಗೂ ತಾಳೆಯಾಗದೆ ಕಾಗದ ನಿಂತುಹೋಗುವುದನ್ನು ದಿನವೂ ಕಾಣುವ ಗುಮಾಸ್ತರಾದ ನಮಗೇ ಇದು ಹೊಳೆಯದೆ ಹೋಯಿತು.

ಭಾನುವಾರ ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿ, ಅಕ್ಷರಗಳ ಪರದೆಯಲ್ಲೇ ಒಳಹೊಕ್ಕು ಆಜ್ಞಾಪಟ್ಟಿಯನ್ನು ತಿದ್ದಿದೆವು. ಕ್ರಮ ಹೀಗಿದೆ: ಮೊದಲು ಲೈಟ್‌ಡಿಎಂ ಅನ್ನೂ ಅದರ ಸ್ವಾಗತ ಪರದೆಯಾದ ಗ್ರೀಟರನ್ನೂ ಸ್ಥಾಪಿಸತಕ್ಕದ್ದು. ಆಗ ಡೆಬಿಯನ್ ಫ್ರಂಟೆಂಡ್ ಎಂಬ ಚರಕ್ಕೆ ನಾನ್‌ಇಂಟರಾಕ್ಟಿವ್ ಎಂಬ ಬೆಲೆ ಕೊಟ್ಟರೆ ಯಂತ್ರ ಪ್ರಶ್ನೆ ಕೇಳುವುದಿಲ್ಲ. ಬಳಿಕ ಡೆಬ್‌ಕಾನ್ಫ್-ಕಮ್ಯುನಿಕೇಟ್ ಮೂಲಕ ಹೊಸ ಹೆಸರನ್ನು ಡೆಬ್‌ಕಾನ್ಫಿಗೆ ತಿಳಿಸಬೇಕು. ಕಡತದಲ್ಲಿ ಲೈಟ್‌ಡಿಎಂನ ಪೂರ್ಣ ವಿಳಾಸ ಬರೆಯಬೇಕು. ಕೊನೆಗೆ ಅದೇ ಬೆಲೆಯೊಡನೆ ಡಿಪಿಕೆಜಿ-ರೀಕಾನ್ಫಿಗರ್ ನಡೆಸಬೇಕು. ಮೂರೂ ಕಡೆ ಒಂದೇ ಹೆಸರಿದೆಯೇ ಎಂದು ಓದಿ ನೋಡಿ, ಆಮೇಲೆ ಯಂತ್ರವನ್ನು ಮತ್ತೆ ಚಾಲೂ ಮಾಡಬೇಕು. ಯಾರಾದರೂ ಕೆಲಸದಲ್ಲಿದ್ದಾಗ ಕಾವಲುಗಾರನನ್ನು ಬದಲಿಸಲೇಬಾರದು. ತೆರೆದ ಕಿಟಕಿಗಳೆಲ್ಲ ಮುಚ್ಚಿ, ಉಳಿಸದ ಬರಹ ಹೋಗುತ್ತದೆ.

ಈ ಸಲ ಒಂದೇ ಯಂತ್ರದಲ್ಲಿ ಪರೀಕ್ಷಿಸಿ, ಸರಿಯಾದ ಮೇಲೆ ಎಸ್‌ಎಸ್‌ಎಚ್ ಮೂಲಕ ಉಳಿದ ಏಳಕ್ಕೂ ಕಳುಹಿಸಿದೆವು. ಕೆಲವೇ ನಿಮಿಷಗಳ ಕೆಲಸ. ಆದರೆ ಒಂದೇ ಆಜ್ಞೆಯಿಂದ ಎಂಟು ಕೆಲಸ ಮಾಡುವವನು, ಒಂದೇ ತಪ್ಪನ್ನು ಎಂಟು ಕಡೆ ಮಾಡಬಲ್ಲನೆಂಬುದನ್ನೂ ಮರೆಯಬಾರದು.

ಮುಂದಿನ ಶನಿವಾರ ಆ ಹುಡುಗಿ ಎಲ್ಲರಿಗಿಂತ ಮೊದಲು ಬಂದು ಕುಳಿತಳು. ಪರದೆ ಹೆಸರು ಕೇಳಿತು. ಅವಳು ಒಳಗೆ ಹೋದಳು. ನಾವು ನೆಮ್ಮದಿಯಿಂದ ಕಾಫಿಗೆ ಹೊರಟೆವು.