ಮೊದಲು ಮನೆಯ ಮೀಟರ್ ನೋಡಿಕೊಳ್ಳೋಣ

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆಯನ್ನು ಪರಿಸರವಾದಿಗಳ ಮುಂದೆ ಹಿಡಿಯುವವರು ಎಲ್ಲೆಡೆ ಇದ್ದಾರೆ. ಆ ಆಕ್ಷೇಪದಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಆದರೆ ಅದರಿಂದ ನಾವು ಯಾವ ತೀರ್ಮಾನಕ್ಕೆ ಬರುತ್ತೇವೆ ಎಂಬುದು ಮುಖ್ಯ.

2007ರ ಫೆಬ್ರುವರಿಯಲ್ಲಿ, ಭೂಮಿಯ ತಾಪ ಏರುತ್ತಿರುವುದನ್ನು ಕುರಿತು ಅಮೆರಿಕದ ಮಾಜಿ ಉಪಾಧ್ಯಕ್ಷ ಆಲ್ ಗೋರ್ ನಿರೂಪಿಸಿದ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ದೊರೆಯಿತು. ಮರುದಿನವೇ ಅವರ ನ್ಯಾಶ್‌ವಿಲ್ ಮನೆಯ ವಿದ್ಯುತ್ ಲೆಕ್ಕ ಬಹಿರಂಗವಾಯಿತು. 2006ರಲ್ಲಿ ಅಲ್ಲಿ ಖರ್ಚಾದದ್ದು ಸುಮಾರು 2,21,000 ಯೂನಿಟ್. ಅಮೆರಿಕದ ಮನೆಗಳ ಸರಾಸರಿಯ ಇಪ್ಪತ್ತು ಪಟ್ಟಿಗೂ ಅಧಿಕ. ಮನೆಯೇ ಕಚೇರಿಯೂ ಆಗಿದೆ, ಹೆಚ್ಚು ಹಣ ತೆತ್ತು ಹಸಿರು ವಿದ್ಯುತ್ತನ್ನೇ ಕೊಳ್ಳುತ್ತಿದ್ದೇವೆ ಎಂಬ ಸಮಜಾಯಿಷಿ ಬಂತು. ಬಳಿಕ ಸೌರಫಲಕಗಳನ್ನೂ ಅಳವಡಿಸಲಾಯಿತು. ಆದರೂ ಹಣ ತೆರುವುದು ಬೇರೆ, ಬಳಕೆ ತಗ್ಗಿಸುವುದು ಬೇರೆ.

ಆಗ ಅಧ್ಯಕ್ಷರಾಗಿದ್ದ ಜಾರ್ಜ್ ಡಬ್ಲ್ಯು. ಬುಷ್ ಅವರ ಟೆಕ್ಸಾಸ್‌ನ ಮನೆ ಇದಕ್ಕೆ ತದ್ವಿರುದ್ಧ. ನೆಲದಾಳದ ಸ್ಥಿರ ಉಷ್ಣತೆಯಿಂದ ಮನೆಯನ್ನು ಹಿತವಾಗಿಡುವ ವ್ಯವಸ್ಥೆ ಅಲ್ಲಿತ್ತು, ಮಳೆನೀರಿನ ತೊಟ್ಟಿಯಿತ್ತು. ಆದರೆ 2001ರಲ್ಲಿ ಕ್ಯೋಟೋ ಒಪ್ಪಂದಕ್ಕೆ ಬೆನ್ನು ತಿರುಗಿಸಿದವರೂ ಅವರೇ.

ಗೋರ್ ಅವರ ಬಿಲ್ ಹಿಮನದಿಗಳು ಕರಗುತ್ತಿರುವುದನ್ನು ಸುಳ್ಳಾಗಿಸದು. ಬುಷ್ ಅವರ ಮನೆ ಅವರ ನೀತಿಯನ್ನು ಸರಿಯೆನಿಸದು. ವೈದ್ಯನೇ ಬೀಡಿ ಸೇದಿದನೆಂದು ಹೊಗೆ ಶ್ವಾಸಕೋಶಕ್ಕೆ ಹಿತವಾದೀತೆ? ಆದರೆ ಬೀಡಿ ಸೇದುವ ವೈದ್ಯನ ಮಾತಿಗೆ ರೋಗಿ ಕಿವಿಗೊಡುವುದಿಲ್ಲ. ನಿಜವಾದ ಹಾನಿ ಇರುವುದು ಅಲ್ಲಿ.

ಈ ಮಾತು ನಗರವಾಸಿಗಳಾದ ನಮಗೂ ಸಲ್ಲುತ್ತದೆ. ಮುಂಬಯಿಗೆ ವಿದ್ಯುತ್ ಒದಗಿಸಲೆಂದು ಕಟ್ಟಲಾದ ಅಣೆಕಟ್ಟಿಗೆ ಹೊಲ, ಮನೆ ಕಳೆದುಕೊಳ್ಳಲಿದ್ದ ಮುಳಶಿಯ ರೈತರು 1921ರಲ್ಲೇ ಸೇನಾಪತಿ ಬಾಪಟರ ಮುಂದಾಳುತನದಲ್ಲಿ ಸತ್ಯಾಗ್ರಹ ಹೂಡಿದ್ದರು. ನಾವು ಒತ್ತುವ ಪ್ರತಿ ಸ್ವಿಚ್ಚಿನ ಹಿಂದೆ ಯಾರದೋ ನೆಲವಿದೆ, ನೀರಿದೆ, ಕಲ್ಲಿದ್ದಲಿನ ಬೂದಿಯನ್ನು ಉಸಿರಾಡುವ ಯಾರದೋ ಮಕ್ಕಳಿದ್ದಾರೆ. ಇದನ್ನು ಬಲ್ಲ ನಾವೇ ಹವಾನಿಯಂತ್ರಿತ ಸಭಾಂಗಣದಲ್ಲಿ ಶಾಲು ಹೊದ್ದು ಭೂತಾಪದ ಉಪನ್ಯಾಸ ಕೇಳಿ ಚಪ್ಪಾಳೆ ತಟ್ಟುತ್ತೇವೆ.

ಮಾಡಬೇಕಾದದ್ದು ಕಷ್ಟಸಾಧ್ಯವೇನಲ್ಲ. ಎ.ಸಿ.ಯ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. 2020ರಿಂದ ಸ್ಟಾರ್ ಗುರುತಿನ ಎ.ಸಿ.ಗಳು 24 ಡಿಗ್ರಿಗೆ ಹೊಂದಿಸಿಯೇ ಮಾರಾಟವಾಗಬೇಕೆಂಬ ನಿಯಮವೂ ಇದೆ. ಅದನ್ನು 18ಕ್ಕೆ ಇಳಿಸುವ ಕೈ ಮಾತ್ರ ನಮ್ಮದು.

ಆದ್ದರಿಂದ ನಮ್ಮ ಸಲಹೆ ಇಷ್ಟೇ: ಪರಿಸರದ ಪರವಾಗಿ ವೇದಿಕೆ ಏರುವವರು ತಮ್ಮ ಮನೆಯ ಹನ್ನೆರಡು ತಿಂಗಳ ಯೂನಿಟ್ ಲೆಕ್ಕವನ್ನು ಸಭಿಕರ ಮುಂದಿಡಲಿ. ಲೆಕ್ಕ ಹೆಚ್ಚಿದ್ದರೆ ಒಪ್ಪಿಕೊಂಡು, ಮುಂದಿನ ವರ್ಷ ತಗ್ಗಿಸಿ ತೋರಿಸಲಿ. ಕೇಳುವವರೂ ಅವರ ಲೋಪವನ್ನು ತಮ್ಮ ಆಲಸ್ಯಕ್ಕೆ ನೆಪವಾಗಿಸಿಕೊಳ್ಳದಿರಲಿ. ಸರಕಾರದ ನೀತಿ ಬದಲಾಗಲೇಬೇಕು. ಅದನ್ನು ಒತ್ತಾಯಿಸುವ ದನಿಗೆ ಬಲ ಬರುವುದು ಮಾತ್ರ ಮನೆಯ ಮೀಟರಿನಿಂದ.