ತೊಟ್ಟಿ ಮನೆಯ ಮೋಹ: ಕಂಬ ಉಳಿಯಿತು, ಮನೆ ಉರುಳಿತು

ಬೆಂಗಳೂರು: ನಗರದ ಹೊಸ ಬಡಾವಣೆಗಳಲ್ಲಿ ತೊಟ್ಟಿ ಮನೆ ಮತ್ತೆ ತಲೆ ಎತ್ತಿದೆ. ನಡುಮನೆಯಲ್ಲಿ ತೇಗದ ಕಂಬ, ನೆಲಕ್ಕೆ ಆತಂಗುಡಿ ಟೈಲ್ಸ್, ಜಗಲಿಗೆ ಮಂಗಳೂರು ಹೆಂಚು. ಕಂಡವರೆಲ್ಲ ಮೆಚ್ಚುವಂಥದ್ದೇ. ಆದರೆ ಹಳೆಯ ಕಂಬವೊಂದು ಹೊಸ ಮನೆಗೆ ಬಂದಿದೆ ಎಂದರೆ, ಎಲ್ಲೋ ಒಂದು ಹಳೆಯ ಮನೆ ಉರುಳಿದೆ ಎಂದೇ ಅರ್ಥ.

1898ರ ಪ್ಲೇಗ್ ಮಾರಿಯ ಬಳಿಕ ಗಾಳಿ, ಬೆಳಕಿಗೆ ಆದ್ಯತೆ ನೀಡಿ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಹೆಂಚಿನ ಮನೆಗಳ ಜಾಗವನ್ನು ಅಪಾರ್ಟ್‌ಮೆಂಟುಗಳು ಆಕ್ರಮಿಸುತ್ತಿವೆ. ಇದಕ್ಕೆ ಮಾಲೀಕರನ್ನಷ್ಟೇ ದೂರುವಂತಿಲ್ಲ. ಆಸ್ತಿ ಪಾಲಾಗುತ್ತದೆ, ದುರಸ್ತಿ ವೆಚ್ಚ ಏರುತ್ತದೆ, ಕಟ್ಟಡಕ್ಕಿಂತ ನಿವೇಶನದ ಬೆಲೆಯೇ ಹಲವು ಪಟ್ಟು ಹೆಚ್ಚಿರುತ್ತದೆ.

ಅಲಂಕಾರವಲ್ಲ, ವಿಜ್ಞಾನ

ತೊಟ್ಟಿ ಕೇವಲ ಅಂದಕ್ಕೆ ಹುಟ್ಟಿದ್ದಲ್ಲ. ಬಿಸಿಗಾಳಿ ಮೇಲೇರಿ ಹೊರಹೋಗಲು, ಒಳಕೋಣೆಗಳಿಗೆ ಬೆಳಕು ಬೀಳಲು ಆಕಾಶಕ್ಕೆ ತೆರೆದ ಜಾಗವದು. ಅದಕ್ಕೆ ಗಾಜಿನ ಮುಚ್ಚಿಗೆ ಹೊದಿಸಿ ಗಾಳಿಗೆ ದಾರಿ ಬಿಡದಿದ್ದರೆ, ತಂಪು ನೀಡಬೇಕಾದ ಅಂಗಳವೇ ಕಾವು ಹಿಡಿದಿಡುತ್ತದೆ. ಆಮೇಲೆ ಎ.ಸಿ. ಅನಿವಾರ್ಯ. 30x40 ಅಡಿ ನಿವೇಶನದಲ್ಲಿ 8x8 ಅಡಿಯ ತೆರೆದ ತೊಟ್ಟಿಗೆ ಬೇಕಾದದ್ದು 64 ಚದರ ಅಡಿ, ಅಂದರೆ ಶೇ 5ರಷ್ಟು ಜಾಗ ಮಾತ್ರ.

ಸೊಗಸು ದುಬಾರಿಯಾಗಬೇಕಿಲ್ಲ ಎಂಬುದನ್ನು ಕೇರಳದಲ್ಲಿ ಲಾರಿ ಬೇಕರ್ (1917–2007) ಜಾಲರಿ ಇಟ್ಟಿಗೆ ಗೋಡೆಗಳ ಮೂಲಕ ತೋರಿಸಿಕೊಟ್ಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು, ಗೂಡಿನಲ್ಲಿ ಸುಡುವ ಅಗತ್ಯವಿಲ್ಲದ, ಒತ್ತಿ ತಯಾರಿಸುವ ಮಣ್ಣಿನ ಇಟ್ಟಿಗೆಯನ್ನು ಬಳಕೆಗೆ ತಂದಿತು.

ಉಳಿಸುವ ದಾರಿ

ಮಣಿಪಾಲದಲ್ಲಿ ವಿಜಯನಾಥ ಶೆಣೈ (1934–2017) ಅವರು ಕುಂಜೂರು ಚೌಕಿ ಮನೆ, ಕುಕನೂರಿನ ಕಮಲ ಮಹಲ್ ಸೇರಿದಂತೆ ಅಳಿವಿನಂಚಿನ ಕಟ್ಟಡಗಳನ್ನು ಬಿಚ್ಚಿ ತಂದು ಮರಳಿ ಜೋಡಿಸಿದರು. ಅಪೂರ್ವ ಸಾಹಸವದು. ಆದರೆ ವಸ್ತುಸಂಗ್ರಹಾಲಯ ಸೇರಿದ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಊರ ಮನೆಗಳು ಇದ್ದಲ್ಲಿಯೇ ಬಾಳಬೇಕಾದರೆ ಮಾಲೀಕರಿಗೆ ಆಸರೆ ಬೇಕು.

ರಸ್ತೆ ಅಗಲೀಕರಣಕ್ಕೆ ಜಾಗ ಬಿಟ್ಟುಕೊಟ್ಟವರಿಗೆ ಅಭಿವೃದ್ಧಿ ಹಕ್ಕು ವರ್ಗಾವಣೆ (ಟಿಡಿಆರ್) ನೀಡುವ ಪದ್ಧತಿ ರಾಜ್ಯದಲ್ಲಿದೆ. ಅಂಥದೇ ಪರಿಹಾರ, ಜತೆಗೆ ಆಸ್ತಿ ತೆರಿಗೆ ರಿಯಾಯಿತಿ ಹಳೆಯ ಮನೆ ಉಳಿಸಿಕೊಂಡವರಿಗೂ ಸುಲಭವಾಗಿ ದಕ್ಕಿದರೆ, ಕೆಡವುವುದೊಂದೇ ಲಾಭದ ದಾರಿ ಎಂಬ ಲೆಕ್ಕಾಚಾರ ಬದಲಾದೀತು. ಅಲ್ಲಿಯವರೆಗೆ, ಹಳೆಯ ಕಂಬ ಕೊಳ್ಳುವವರು ಅದರ ಬೆಲೆಯ ಜತೆಗೆ ಅದು ನಿಂತಿದ್ದ ಮನೆಯನ್ನೂ ಒಮ್ಮೆ ವಿಚಾರಿಸುವುದು ಒಳಿತು.